ತೂಕ ಇಳಿಸುವ ‘ಹಾರ್ಮೋನ್ ಹನಿ’: ತುಮಕೂರಿನ ಒಂದು ಕೇಂದ್ರದ ಬಗ್ಗೆ

ತುಮಕೂರಿನ ತೂಕ ಇಳಿಕೆ ಕೇಂದ್ರವೊಂದರಲ್ಲಿ ನನ್ನ ಅತ್ತಿಗೆಗೆ ಕೊಟ್ಟದ್ದು ಎಚ್‌ಸಿಜಿ ಎಂದು ಬರೆದ ಹೋಮಿಯೋಪಥಿ ಹನಿಗಳ ಪುಟ್ಟ ಸೀಸೆ ಮತ್ತು ದಿನಕ್ಕೆ 500 ಕ್ಯಾಲೊರಿ ಮೀರಬಾರದೆಂಬ ಊಟದ ಚೀಟಿ. ಸಿಬ್ಬಂದಿ ಸೌಜನ್ಯದವರು, ಜಾಗವೂ ಶುಚಿ. ನನ್ನ ಆಕ್ಷೇಪವಿರುವುದು ಸರಕಿನ ಬಗ್ಗೆ.

ಎಚ್‌ಸಿಜಿ ಗರ್ಭಿಣಿಯರ ದೇಹದಲ್ಲಿ ಉತ್ಪತ್ತಿಯಾಗುವ ಹಾರ್ಮೋನು. ಅದರ ಚುಚ್ಚುಮದ್ದಿನೊಂದಿಗೆ ಅರೆಹೊಟ್ಟೆಯ ಪಥ್ಯ ಮಾಡಿದರೆ ಕೊಬ್ಬು ಕರಗುತ್ತದೆಂದು 1954ರಲ್ಲಿ ಆಲ್ಬರ್ಟ್ ಸಿಮಿಯನ್ಸ್ ಎಂಬ ವೈದ್ಯರು ಪ್ರತಿಪಾದಿಸಿದರು; ಆದರೆ ಅದೇ ಪಥ್ಯ ಮಾಡುತ್ತ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಲ್ಲೂ ತೂಕ ಅಷ್ಟೇ ಇಳಿಯುತ್ತದೆಂದು ನಂತರದ ಪ್ರಯೋಗಗಳು ತೋರಿಸಿದವು. ಸೀಸೆಯ ಮೇಲಿನ 30ಸಿ ಎಂಬ ಗುರುತಿನಂತೆ ನೂರಕ್ಕೊಂದರ ಪ್ರಮಾಣದಲ್ಲಿ ಮೂವತ್ತು ಸಲ ತೆಳುಗೊಳಿಸಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಇಂಥ ಹನಿಗಳನ್ನು ಮಾರುವ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಕಳಿಸಿತ್ತು.

ಚೀಟಿಯಲ್ಲಿ ಮುದ್ದೆಯ ಹೆಸರೇ ಇಲ್ಲ: ಬೆಳಿಗ್ಗೆ ಸಕ್ಕರೆಯಿಲ್ಲದ ಕಾಫಿ, ಮಧ್ಯಾಹ್ನ ಸೌತೆಕಾಯಿ ಹಾಗೂ ಒಂದು ಹಿಡಿ ಬೇಯಿಸಿದ ಕಾಳು, ರಾತ್ರಿ ಸೇಬು. ಇಷ್ಟನ್ನೇ ತಿಂದರೆ (ಸೀಸೆ ಬೀರುವಿನಲ್ಲೇ ಇದ್ದರೂ) ತೂಕ ಇಳಿಯದೆ ಇರದು. ಜೊತೆಗೆ ಸ್ನಾಯು ಸವೆಯುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಉಂಟು. ಅತ್ತಿಗೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರೆಂದು ಗೊತ್ತಿದ್ದೂ, ಅವರ ವೈದ್ಯರನ್ನು ಕೇಳಿ ಎಂದು ಒಂದು ಮಾತೂ ಹೇಳದೆ ಇದನ್ನು ಕೊಟ್ಟದ್ದು ಅಕ್ಷಮ್ಯ. ಐದರಲ್ಲಿ ಒಂದು ಅಂಕ, ಅದೂ ರಸೀದಿ ಕೊಟ್ಟಿದ್ದಕ್ಕೆ.