ಬೀಡಿನ ಹಳೇ ಶೆಗಡಿ: ಮೂರು ಮಳೆಗಾಲ ಕಂಡ ಮೇಲೆ

ಕಾರವಾರದ ಕೋಡಿಬಾಗದ ನಮ್ಮ ಮನೆಗೆ ಈ ಇದ್ದಿಲ ಒಲೆ ಬಂದು ಮೂರು ಮಳೆಗಾಲ ಆಯ್ತು. ನಾವು ಶೆಗಡಿ ಅಂತೀವಿ. ಘಟ್ಟದ ಮೇಲಿನ ಗೆಳೆಯನಿಗೆ ಹೇಳಿದರೆ ಸಿಗಡಿ ಮೀನು ಅಂದುಕೊಂಡ! ಗುಜರಿ ಅಂಗಡಿಯಲ್ಲಿ 900 ರೂಪಾಯಿಗೆ ತಂದಿದ್ದು. ಮೈ ಬೀಡು ಕಬ್ಬಿಣ, ಒಳಗೆ ಮಣ್ಣು ಮೆತ್ತಿದೆ, ತಳದಲ್ಲಿ ಜಾಲರಿ, ಅದರ ಕೆಳಗೆ ಬೂದಿ ತೆಗೆಯುವ ಬಾಯಿ.

ಅಡುಗೆಯ ವಿಷಯದಲ್ಲಿ ದೂರೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಮಗೆ ಒಣ ಬಂಗಡೆಯೇ ಗತಿ. ಕೆಂಡದ ಮೇಲೆ ಸುಟ್ಟು ಗಂಜಿ ಜೊತೆ ತಿಂದರೆ ಆಯ್ತು, ಗ್ಯಾಸ್ ಮೇಲೆ ಆ ರುಚಿ ಬರುವುದಿಲ್ಲ. ಕರಟದ ಇದ್ದಿಲು ಹಾಕಿದರೆ ಕೆಂಡ ಜಾಸ್ತಿ ಹೊತ್ತು ನಿಲ್ಲುತ್ತದೆ, ಬೂದಿಯೂ ಕಡಿಮೆ.

ನಾನು ಎಡವಿದ್ದು ಕೊಳ್ಳುವಾಗ. ಒಲೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಹಳೇ ಒಲೆಗೆ ಹೊಸ ಬಣ್ಣ ಯಾಕೆ ಅಂತ ಕೇಳಲೇ ಇಲ್ಲ. "ಗಟ್ಟಿ ಉಂಟು ಮಾರಾಯ್ರೇ" ಅಂದರು, ಹೊತ್ತು ತಂದೆ. ಮೊದಲ ಬೆಂಕಿಗೇ ಬಣ್ಣ ಸುಟ್ಟು ಮನೆಯೆಲ್ಲ ನಾತ. ವಾರ ಕಳೆಯುವುದರೊಳಗೆ ಬಾಯಿಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಬೀಡಿಗೆ ಮಾಮೂಲಿ ವೆಲ್ಡಿಂಗ್ ನಿಲ್ಲುವುದಿಲ್ಲ. ಮಾಡಿಸಿದೆ, ಪಕ್ಕದಲ್ಲೇ ಮತ್ತೆ ಬಿಟ್ಟಿತು. ಈಗ ತಂತಿ ಬಿಗಿದು ಓಡಿಸ್ತಾ ಇದ್ದೇನೆ.

ಇನ್ನೊಂದು ಮಾತು. ಜೋರು ಮಳೆ ಅಂತ ಆಯಿ ಒಮ್ಮೆ ಶೆಗಡಿಯನ್ನು ಒಳಗೆ ತಂದು ಬಾಗಿಲು ಹಾಕಿದ್ದಳು. ಅರ್ಧ ಗಂಟೆಗೆ ಇಬ್ಬರಿಗೂ ತಲೆನೋವು. ಹೊಗೆ ಇಲ್ಲದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ವಾಸನೆಯೂ ಇರುವುದಿಲ್ಲ, ಜೀವವೇ ಹೋಗಬಹುದು. ಅಂದಿನಿಂದ ಅದರ ಜಾಗ ಜಗುಲಿ ಮಾತ್ರ.

ಮೊನ್ನೆ ತಂಗಿಗೂ ಒಂದು ಬೇಕಾಯ್ತು. ಈ ಸಲ ಸ್ಪ್ಯಾನರ್ ಹಿಡಿದೇ ಹೋದೆ. ಎತ್ತಿ ಹಿಡಿದು ಮೆಲ್ಲಗೆ ಬಡಿದರೆ ಒಳ್ಳೆ ಬೀಡು ಗಂಟೆಯ ಹಾಗೆ ಠಣ್ ಅನ್ನುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಆದರೆ ಒಳಗೆ ಮಣ್ಣಿದ್ದರೆ ಸದ್ದು ಹೇಗೂ ಮಂಕು, ಟಾರ್ಚ್ ಬಿಟ್ಟರೂ ತೂತು ಕಾಣುವುದಿಲ್ಲ. ಕೆರೆದು ತೆಗೆಯಲು ಬಿಡದಿದ್ದರೆ ಆ ಒಲೆ ಬೇಡ. ಮಣ್ಣಿಗೇನು, ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮತ್ತೆ ಮೆತ್ತಿದರಾಯ್ತು. ನಮ್ಮ ಉಪ್ಪುಗಾಳಿಗೆ ತುಕ್ಕು ಸಹಜ. ಚಾಕುವಿನಲ್ಲಿ ಕೆರೆದಾಗ ಬರೀ ಪುಡಿ ಉದುರಿದರೆ ಪರವಾಗಿಲ್ಲ, ಪದರವಾಗಿ ಎದ್ದರೆ ಬಿಟ್ಟು ಬನ್ನಿ. ಜಾಲರಿ ಬಗ್ಗಿದ್ದರೆ ಬೆಲೆ ಇಳಿಸಿ ಕೇಳಿ, ಅದನ್ನು ಬದಲಾಯಿಸಬಹುದು.

ಎರಡು ಬಿಟ್ಟೆವು. ಮೂರನೆಯದಕ್ಕೆ ಮಣ್ಣೂ ಇಲ್ಲ, ಬಣ್ಣವೂ ಇಲ್ಲ, ಮೈತುಂಬಾ ತುಕ್ಕಿನ ಪುಡಿ. ತಂಗಿ ಮುಖ ಸಿಂಡರಿಸಿದಳು. ಬಡಿದೆ, ಠಣ್ ಅಂತು.