ಹುಬ್ಬಳ್ಳಿಯಲ್ಲಿ ಕೊಂಡ ಕಹೋನ್: ಎಂಟು ತಿಂಗಳು ಬಾರಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ತಬಲಾ ಕಲಿತವನು, ಅದೂ ಅರ್ಧಕ್ಕೆ ಬಿಟ್ಟವನು. ಧಾರವಾಡದಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಓಣಿಗೆ ನಾಲ್ಕು ಜನ ಅರ್ಧ ತಬಲಾ ಕಲಿತವರು ಸಿಗುತ್ತಾರೆ. ಆದರೂ ಈ ರಿವ್ಯೂ ಓದುವಾಗ ಅದು ನೆನಪಿರಲಿ. ಮುಂದೆ ಬರುವ ದೂರುಗಳಲ್ಲಿ ಅರ್ಧ ಪೆಟ್ಟಿಗೆಯದ್ದು, ಅರ್ಧ ನನ್ನ ಕೈಯದ್ದು.

ಕೊಂಡದ್ದು ಕಹೋನ್. ಇಲ್ಲಿನ ಹುಡುಗರು ಕಜಾನ್ ಅನ್ನುತ್ತಾರೆ, ಅಂಗಡಿಯವರು ಬಿಲ್ಲಿನಲ್ಲಿ ಬಾಕ್ಸ್ ಡ್ರಮ್ ಅಂತ ಬರೆದರು. ಎಲ್ಲಾ ಒಂದೇ. ಸ್ಪ್ಯಾನಿಷ್ ಭಾಷೆಯಲ್ಲಿ ಕಹೋನ್ ಅಂದರೆ ಪೆಟ್ಟಿಗೆ, ಮೇಜಿನ ಡ್ರಾವರ್‌ಗೂ ಅದೇ ಶಬ್ದ. ಹೆಸರಿನಲ್ಲಿ ಸುಳ್ಳಿಲ್ಲ. ಐದು ಕಡೆ ದಪ್ಪ ಪ್ಲೈವುಡ್, ಮುಂದೊಂದು ತೆಳು ಹಲಗೆ, ಹಿಂದೆ ಅಂಗೈಯಗಲದ ತೂತು. ಮೇಲೆ ಕುಳಿತು, ಕಾಲು ಅಗಲಿಸಿ, ಸ್ವಲ್ಪ ಬಗ್ಗಿ ಮುಂದಿನ ಹಲಗೆಗೆ ಬಾರಿಸುವುದು. ಅಷ್ಟೇ ವಾದ್ಯ.

ಅಂಗಡಿ ಹುಬ್ಬಳ್ಳಿ ಪೇಟೆಯಲ್ಲಿದೆ, ಹೆಸರು ಬೇಡ. 7,500 ಹೇಳಿದರು, ಚೌಕಾಸಿ ಮಾಡಿ 6,500ಕ್ಕೆ ತಂದೆ. ಚೀಲ ಕೊಡಲಿಲ್ಲ, "ನೆಕ್ಸ್ಟ್ ವೀಕ್ ಬರ್ತಾವ್ರಿ ಸರ್" ಅಂದರು, ಆ ವಾರ ಇನ್ನೂ ಬಂದಿಲ್ಲ. ಅದು ಹೋಗಲಿ. ನನಗೆ ಜಾಸ್ತಿ ಸಿಟ್ಟು ಬಂದದ್ದು ಅವರು ಹೇಳಿದ ಕಥೆಗೆ. "ಇದು ಫ್ಲಮೆಂಕೊದ್ದು ರಿ, ಸ್ಪೇನಿಂದು, ಸಾವಿರ ವರ್ಷದ ಹಳೇ ವಾದ್ಯ." ಫ್ಲಮೆಂಕೊ ಅಂದರೆ ಸ್ಪೇನಿನ ಹಾಡು, ಕುಣಿತ, ಗಿಟಾರು ಕೂಡಿದ ಕಲೆ. ಹತ್ತಿರ ನಿಂತಿದ್ದ ಇನ್ನೊಬ್ಬ ಗಿರಾಕಿ ಅಂಗಡಿಯವರ ಮಾತಿಗೆ ಒಗ್ಗರಣೆ ಹಾಕಿದರು: "ಫ್ಲಮೆಂಕೊ ನಮ್ಮ ಕಥಕ್ಕಿಂದನ ಹುಟ್ಟಿದ್ದು, ವಾಟ್ಸಾಪಿನಾಗ ಬಂದಿತ್ತು."

ಎರಡೂ ತಪ್ಪು.

ಪೆಟ್ಟಿಗೆಯ ಊರು ಸ್ಪೇನ್ ಅಲ್ಲ, ಪೆರು. ಅಲ್ಲಿನ ಕರಾವಳಿಗೆ ಗುಲಾಮರಾಗಿ ಬಂದ ಆಫ್ರಿಕಾದ ಜನ ಸಾಮಾನಿನ ಪೆಟ್ಟಿಗೆ, ಡ್ರಾವರ್ ಅಂತ ಕೈಗೆ ಸಿಕ್ಕಿದ್ದನ್ನು ಬಾರಿಸಿ ಮಾಡಿಕೊಂಡ ವಾದ್ಯ ಇದು. ಪೆರು ಸರ್ಕಾರ 2001ರಲ್ಲಿ ಇದನ್ನು ದೇಶದ ಪರಂಪರೆಯ ಆಸ್ತಿ ಅಂತ ಘೋಷಿಸಿತು. ಫ್ಲಮೆಂಕೊಗೆ ಇದು ಬಂದದ್ದು ತೀರಾ ಈಚೆಗೆ, 1970ರ ದಶಕದ ಕೊನೆಗೆ. ಗಿಟಾರಿನ ಪಾಕೊ ದೆ ಲೂಸಿಯಾ ಪೆರುವಿಗೆ ಹೋಗಿದ್ದಾಗ ಕೈತ್ರೊ ಸೋತೊ ಎಂಬ ಅಲ್ಲಿನ ವಾದಕ ಇದನ್ನು ಬಾರಿಸುವುದನ್ನು ಕೇಳಿ, ಒಂದು ಪೆಟ್ಟಿಗೆಯನ್ನು ಮನೆಗೇ ತಂದುಬಿಟ್ಟರು. ಅವರ ತಂಡದಲ್ಲಿ ಅದನ್ನು ಬಾರಿಸಿದ್ದು ರೂಬೆಮ್ ದಾಂತಾಸ್, ಬ್ರೆಜಿಲ್‌ನವರು. ಅಂದರೆ ಪೆರುವಿನ ಪೆಟ್ಟಿಗೆ, ಬ್ರೆಜಿಲ್ ಕೈ, ಸ್ಪೇನಿನ ಹಾಡು. ನಮ್ಮಪ್ಪನ ಎಚ್‌ಎಂಟಿ ವಾಚು ಇದಕ್ಕಿಂತ ಹಳೆಯದು.

ಅಷ್ಟು ಬೇಗ ಯಾಕೆ ಹೊಂದಿಕೊಂಡಿತು ಅನ್ನುವುದು ಬಾರಿಸಿದರೆ ಗೊತ್ತಾಗುತ್ತದೆ. ಹಲಗೆಯ ನಡುವೆ ಅಂಗೈ ಊರಿ ಹೊಡೆದರೆ ತಬಲಾದ ಎಡಗೈ ಡಗ್ಗದ ಹಾಗೆ ಗುಂ ಅನ್ನುತ್ತದೆ, ಮೇಲಿನ ಅಂಚಿಗೆ ಬೆರಳು ತಾಗಿಸಿದರೆ ಟಕ್ ಅಂತ ಒಣ ಸದ್ದು. ಹಲಗೆ ನೆಲದ ಮೇಲೆ ಕುಣಿಯುವವರ ಹಿಮ್ಮಡಿ ಮತ್ತು ತುದಿಗಾಲಿನ ಸದ್ದಿಗೆ ಇದು ತೀರಾ ಹತ್ತಿರ. ಪೆಟ್ಟಿಗೆ ಬರುವ ಮುಂಚೆ ಫ್ಲಮೆಂಕೊದಲ್ಲಿ ತಾಳಕ್ಕೆ ಇದ್ದದ್ದು ಚಪ್ಪಾಳೆ, ಕಾಲು, ಮೇಜಿನ ಮೇಲೆ ಬೆರಳ ಗೆಣ್ಣು, ಕೈಯಲ್ಲಿನ ಕೋಲು, ಗಿಟಾರಿನ ಮೈಗೆ ಬೆರಳಿನ ಏಟು. ಅಂಥವರ ಕೈಗೆ ಮರದ ಪೆಟ್ಟಿಗೆ ಸಿಕ್ಕರೆ ಬಿಡುತ್ತಾರಾ? ಅವರು ಒಂದು ಬದಲಾವಣೆ ಮಾಡಿದರು. ಪೆರುವಿನ ಪೆಟ್ಟಿಗೆಯೊಳಗೆ ತಂತಿ ಇರುವುದಿಲ್ಲ, ಸ್ಪೇನಿನವರು ಮುಂದಿನ ಹಲಗೆಯ ಒಳಗಡೆಗೆ ತಾಗುವ ಹಾಗೆ ಗಿಟಾರಿನ ತಂತಿ ಬಿಗಿದರು. ಅದರಿಂದ ಏಟಿನ ಜೊತೆ ಸಣ್ಣ ಝರ್ ಬರುತ್ತದೆ.

ನನ್ನ ಮೊದಲ ದೂರು ಈ ತಂತಿಯದ್ದೇ. ನನ್ನದರಲ್ಲಿ ಝರ್ ಬರಬೇಕಾದ ಕಡೆ ಬರುತ್ತದೆ, ಬರಬಾರದ ಕಡೆಯೂ ಬರುತ್ತದೆ. ಪಕ್ಕದ ಮನೆಯವರು ಮಿಕ್ಸರ್ ಹಾಕಿದರೂ ಪೆಟ್ಟಿಗೆ ಒಳಗೇ ಗುಂಯ್‌ಗುಡುತ್ತದೆ. ಹಿಂದಿನ ತೂತಿನಿಂದ ಕೈ ಹಾಕಿ ತಂತಿಗೆ ಸಣ್ಣ ಟೇಪ್ ತುಂಡು ಅಂಟಿಸಿದ ಮೇಲೆ ಸುಮಾರಾಗಿ ಸರಿಯಾಯಿತು. ಎರಡನೆಯದು, ಕೆಳಗಿನ ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದು ಮೂರನೇ ವಾರಕ್ಕೇ ಬಿತ್ತು, ನಾನೇ ಅಂಟು ಹಾಕಿ ಕೂಡಿಸಿದೆ. ಮೂರನೆಯದು ಬೆನ್ನು. ಅರ್ಧ ತಾಸಿಗಿಂತ ಜಾಸ್ತಿ ಬಗ್ಗಿ ಕೂತರೆ ಸೊಂಟ ಮಾತಾಡಲು ಶುರು ಮಾಡುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ರೂಢಿಯಾದವರಿಗೆ ಈ ಕುಳಿತುಕೊಳ್ಳುವ ರೀತಿಯೇ ದೊಡ್ಡ ತಲೆನೋವು.

ತೂಕ ಐದು ಕಿಲೋ ಇರಬಹುದು, ಚಿಗರಿ ಬಸ್ಸಿನಲ್ಲಿ ತರುವುದಕ್ಕೆ ತೊಂದರೆಯಿಲ್ಲ. ತೊಂದರೆ ಜನರದ್ದು. ನವನಗರ ದಾಟುವಷ್ಟರಲ್ಲಿ ಮೂವರು ಕೇಳಿದ್ದರು, "ಏನ್ರೀ ಅದು, ಸ್ಪೀಕರ್ ಏನು?" ಬಾರಿಸೋ ಡಬ್ಬಿ ಅಂದೆ. "ಹಂಗಾರ ಒಂದೀಟು ಬಾರಸ್ರಿ ನೋಡೂಣು." ಧಾರವಾಡ ಬರುವವರೆಗೆ ನಾನು ಗಂಟು ಮುಖ ಹಾಕಿ ಕಿಟಕಿ ನೋಡಿದೆ.

ಇನ್ನು ಅಸಲು ವಿಷಯ, ತಾಳ. ತಬಲಾದವರು ಇದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ಇಲ್ಲಿ ನಿಧಾನ ಓದಿ. ಫ್ಲಮೆಂಕೊದಲ್ಲಿ ತಾಳದ ಆವರ್ತಕ್ಕೆ ಕೊಂಪಾಸ್ ಅನ್ನುತ್ತಾರೆ. ಟಾಂಗೋಸ್ ಅನ್ನುವುದು ನಾಲ್ಕರದು, ಅದನ್ನು ಒಂದು ಸಂಜೆಗೆ ಹಿಡಿಯಬಹುದು. ಸೊಲೆಯಾ ಮತ್ತು ಬುಲೆರಿಯಾ 12ರದು, ಸೊಲೆಯಾ ನಿಧಾನ, ಬುಲೆರಿಯಾ ಜೋರು. 12 ಅಂದ ಕೂಡಲೇ ನನಗೆ ಖುಷಿಯೋ ಖುಷಿ, ಓಹೋ ನಮ್ಮ 12 ಎಣಿಕೆಯ ಏಕತಾಲ ಅಂದುಕೊಂಡು ಧಿನ್ ಧಿನ್ ಧಾಗೆ ತಿರಕಿಟ ಹಾಕುತ್ತ ಕುಳಿತೆ. ಒಂದು ವಾರ ಹಾಳು. ಏಕತಾಲ ಎರಡೆರಡು ಮಾತ್ರೆಯಾಗಿ ಸಮನಾಗಿ ಒಡೆಯುತ್ತದೆ. ಅವರ ಒತ್ತು 3, 6, 8, 10, 12ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ನಡುವೆ ನಡಿಗೆಯೇ ಬದಲಾಗುತ್ತದೆ, ಉದ್ದ ಹೆಜ್ಜೆ ಹಾಕುತ್ತಿದ್ದವರು ಥಟ್ಟನೆ ಗಿಡ್ಡ ಹೆಜ್ಜೆಗೆ ಬಂದ ಹಾಗೆ.

ಅದಕ್ಕಿಂತ ಕಷ್ಟ ಇನ್ನೊಂದಿದೆ. ನಮಗೆ ಸಮ್ ಅಂದರೆ ಮೊದಲನೇ ಮಾತ್ರೆ. ತಿಹಾಯಿ ಹಾಕಿ, ಅಂದರೆ ಒಂದೇ ತುಣುಕನ್ನು ಮೂರು ಸಲ ಬಾರಿಸಿ, ಅಲ್ಲಿಗೆ ಬಂದು ಬಿದ್ದರೆ ಜನ ವಾಹ್ ಅನ್ನುತ್ತಾರೆ, ಇಡೀ ಮೈ ಅದಕ್ಕೇ ಕಾಯುತ್ತಿರುತ್ತದೆ. ಅವರು ಮಾತು ಮುಗಿಸುವುದು 10ಕ್ಕೆ. ಬುಲೆರಿಯಾದಲ್ಲಿ ಎಷ್ಟೋ ಜನ ಎಣಿಕೆಯನ್ನೇ 12ರಿಂದ ಶುರು ಮಾಡುತ್ತಾರೆ, ಕಲಿಸುವವರು ಗಡಿಯಾರದ ಚಿತ್ರ ಬರೆದು ತೋರಿಸುತ್ತಾರೆ. ನಾನು 1ಕ್ಕೆ ಗುಂ ಅಂತ ಹೊಡೆದು ಗೆದ್ದೆ ಅಂದುಕೊಳ್ಳುವಾಗ, ಮೊಬೈಲಿನಲ್ಲಿ ಹಾಡುವವಳು ಯಾವಾಗಲೋ ಮುಗಿಸಿ ಉಸಿರು ಎಳೆದುಕೊಳ್ಳುತ್ತಿರುತ್ತಾಳೆ. ಎರಡು ತಿಂಗಳಾದರೂ ಕೈ ಕೇಳಲಿಲ್ಲ. ಕೊನೆಗೆ ಪೆಟ್ಟಿಗೆ ಮೂಲೆಗಿಟ್ಟು ಬರೀ ಚಪ್ಪಾಳೆ ಹೊಡೆದೆ. ಅದರಲ್ಲೂ ಎರಡು ಬಗೆ, ಬೊಗಸೆ ಮಾಡಿ ಹೊಡೆಯುವ ಮೆತ್ತನೆಯದು, ಬೆರಳನ್ನು ಅಂಗೈಗೆ ಹೊಡೆಯುವ ಚುರುಕಿನದು. ಹಾಡುವಾಗ ಮೆತ್ತನೆಯದು ಸಾಕು. ಹದಿನೈದು ದಿನಕ್ಕೆ 10 ತಾನಾಗೇ ಸಿಗತೊಡಗಿತು. ಹೊಸಬರು 6,500 ಖರ್ಚು ಮಾಡುವ ಮುಂಚೆ ಪುಕ್ಕಟೆ ಸಿಗುವ ಈ ಚಪ್ಪಾಳೆಯನ್ನು ಒಂದು ತಿಂಗಳು ಹೊಡೆಯುವುದು ಒಳ್ಳೆಯದು.

ಇನ್ನು ಕಥಕ್ ವಿಷಯ. ಆ ವಾಟ್ಸಾಪಿನಲ್ಲಿ ಒಂದು ಚೂರು ನಿಜ ಇದೆ, ಅದಕ್ಕೇ ಅದು ಸಾಯುವುದಿಲ್ಲ. ಸ್ಪೇನಿನಲ್ಲಿ ಹಿತಾನೊ ಅನ್ನುವ ರೋಮಾ ಜನರ (ಜಿಪ್ಸಿಗಳ) ಮೂಲ ವಾಯುವ್ಯ ಭಾರತ, ಅವರು ಹೊರಟು ಸುಮಾರು ಸಾವಿರ ವರ್ಷ ಆಯಿತು. ರೋಮಾ ಭಾಷೆಯಲ್ಲಿ ಇವತ್ತಿಗೂ ನೀರಿಗೆ ಪಾನಿ, ಒಂದಕ್ಕೆ ಏಕ್, ಎರಡಕ್ಕೆ ದುಯಿ. ಸ್ಪೇನಿನಲ್ಲಿ ಅವರ ಮೊದಲ ದಾಖಲೆ 1425ರದು. ಆಮೇಲೆ ಅವರನ್ನು ಸುಖವಾಗಿ ಬಿಡಲಿಲ್ಲ. 1749ರ ಜುಲೈನಲ್ಲಿ ರಾಜನ ಅಪ್ಪಣೆಯಂತೆ ಸಾವಿರಾರು ಜನರನ್ನು ಒಮ್ಮೆಲೇ ಹಿಡಿದು, ಗಂಡಸರನ್ನು ಒಂದು ಕಡೆ ಹೆಂಗಸರು ಮಕ್ಕಳನ್ನು ಇನ್ನೊಂದು ಕಡೆ ಕೂಡಿಹಾಕಿದರು. ಮಾರ್ತಿನೆತೆ ಅನ್ನುವ ಹಾಡಿನ ಬಗೆಯೊಂದಿದೆ, ಕಮ್ಮಾರಸಾಲೆಯದು, ಗಿಟಾರೇ ಇಲ್ಲ, ಅಡಿಗಲ್ಲಿನ ಮೇಲೆ ಸುತ್ತಿಗೆಯ ಸದ್ದು ಮಾತ್ರ. ಅದನ್ನು ಕೇಳುವಾಗ ನಾನು ಪೆಟ್ಟಿಗೆ ಮುಟ್ಟುವುದಿಲ್ಲ.

ಆದರೆ ಆ ಜನ ಬಂದಾಗ ಫ್ಲಮೆಂಕೊವನ್ನು ಗಂಟು ಕಟ್ಟಿ ತಂದರು ಅನ್ನುವುದು ಕಟ್ಟುಕಥೆ. ಅದು ರೂಪ ಪಡೆದದ್ದು ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ, ಸೆವಿಲ್ಲೆ, ಹೆರೆಸ್, ಕಾದಿಸ್ ಊರುಗಳಲ್ಲಿ, 18-19ನೇ ಶತಮಾನದಲ್ಲಿ. ಹಿತಾನೊಗಳು, ಸ್ಥಳೀಯ ರೈತರ ಹಾಡು, ಅರಬ್ಬರು ಬಿಟ್ಟುಹೋದದ್ದು, ಎಲ್ಲಾ ಕೂಡಿ. 1881ರಲ್ಲಿ ಸೆವಿಲ್ಲೆಯಲ್ಲಿ ಹಾಡಿನ ಕೆಫೆ ನಡೆಸಿ ಹೆಸರು ಮಾಡಿದ ಸಿಲ್ವೆರಿಯೊ ಫ್ರಾಂಕೊನೆತ್ತಿಯ ತಂದೆ ಇಟಲಿಯವನು! ಕಾಲಿನ ಕೆಲಸ ಕಥಕ್ ಹಾಗೆ ಕಾಣುತ್ತದೆ, ನಿಜ. ಆದರೆ ಅವರು ಹಿಮ್ಮಡಿಗೆ ಮೊಳೆ ಹೊಡೆದ ಬೂಟು ಹಾಕುತ್ತಾರೆ, ಇವರು ಬರಿಗಾಲಿಗೆ ಗೆಜ್ಜೆ ಕಟ್ಟುತ್ತಾರೆ. ಎರಡು ಮನೆಯಲ್ಲಿ ಜೋಳದ ರೊಟ್ಟಿ ದುಂಡಗಿದ್ದ ಮಾತ್ರಕ್ಕೆ ಬೀಗರಾಗುವುದಿಲ್ಲ.

ಸ್ವರದ ಮಟ್ಟಿಗೆ ಮಾತ್ರ ನಾನೂ ಸ್ವಲ್ಪ ಮೋಸ ಹೋದೆ. ಅವರ ಹಾಡು ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವಾಗ ಅಡುಗೆಮನೆಯಿಂದ ಅವ್ವ ಕೇಳಿದಳು, "ಕಛೇರಿ ಮುಗೀತೇನೋ, ಭೈರವಿ ಹಚ್ಚ್ಯಾರಲ್ಲ?" ನಮ್ಮಲ್ಲಿ ಕಛೇರಿ ಮುಗಿಸುವುದು ಭೈರವಿ ರಾಗದಿಂದ. ಹಾರ್ಮೋನಿಯಂ ತೆಗೆದು ನೋಡಿದೆ. ಮನೆತನ ಭೈರವಿಯದೇ, ಆದರೆ ನಿಲ್ಲುವ ಜಾಗದಲ್ಲಿ ಗಿಟಾರು ಶುದ್ಧ ಗಂಧಾರ ಹಚ್ಚುತ್ತದೆ, ಆಗ ಬಸಂತ್ ಮುಖಾರಿ ರಾಗದ ವಾಸನೆ. ಅವ್ವನಿಗೆ ಹೇಳಿದರೆ, "ಹಂಗಾರ ಸರಿಯಾಗಿ ಕಲ್ತಿಲ್ಲ ಬಿಡು" ಅಂದಳು.

ಆ ಹಾರ್ಮೋನಿಯಂ ನೋಡಿ ಒಂದು ನೆನಪಾಯಿತು. 1922ರ ಜೂನ್‌ನಲ್ಲಿ ಗ್ರನಾದದಲ್ಲಿ ಸಂಗೀತಗಾರ ಮನುವೆಲ್ ದೆ ಫಾಯಾ, ಆಗಿನ್ನೂ 24ರ ಕವಿ ಲೋರ್ಕಾ ಸೇರಿ ಒಂದು ಹಾಡಿನ ಸ್ಪರ್ಧೆ ಮಾಡಿಸಿದರು. ಕೆಫೆ, ರಂಗಮಂಚದ ಹಾವಳಿಯಲ್ಲಿ ಹಳೆಯ ಆಳದ ಹಾಡು ಕೆಡುತ್ತಿದೆ ಅಂತ ಅವರ ಚಿಂತೆ, 21 ದಾಟಿದ ವೃತ್ತಿಯವರಿಗೆ ಪ್ರವೇಶವೇ ಇಲ್ಲ. ಅಷ್ಟು ಮಡಿ ಕಾದ ಮೇಲೂ ಮುಂದೆ 55 ವರ್ಷಕ್ಕೆ ಪೆರುವಿನ ಡಬ್ಬಿ ಒಳಗೆ ಬಂದು ಕುಳಿತಿತು, 2010ರಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಪರಂಪರೆಯ ಪಟ್ಟಿಗೆ ಸೇರಿಸುವಾಗ ಡಬ್ಬಿ ಎಲ್ಲ ವೇದಿಕೆಯಲ್ಲೂ ಇತ್ತು. ನಾವೇನು ಕಡಿಮೆಯಾ? ಯುರೋಪಿನ ಹಾರ್ಮೋನಿಯಂ ಬೇಡ ಅಂತ 1940ರಿಂದ ಮೂವತ್ತು ವರ್ಷ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಈಗ ಅದಿಲ್ಲದೆ ನಮ್ಮ ಕಡೆ ಒಂದು ಭಜನೆಯೂ ಆಗುವುದಿಲ್ಲ.

ಇನ್ನೊಂದು ಹೊಗಳಿಕೆ ಉಳಿದಿದೆ, ಮಳೆಗಾಲದ್ದು. ಧಾರವಾಡದ ಜುಲೈ ಗೊತ್ತಲ್ಲ, ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ತಬಲಾ ಶ್ರುತಿ ನಿಲ್ಲುವುದಿಲ್ಲ, ಸುತ್ತಿಗೆ ಹಿಡಿದೇ ಕೂರಬೇಕು. ಕಹೋನ್‌ಗೆ ಚರ್ಮ ಇಲ್ಲ, ಆ ಕಾಟ ಇಲ್ಲ. ಮುಂದಿನ ಹಲಗೆಯ ಮೇಲಿನ ಮೂಲೆ ಸ್ವಲ್ಪ ಉಬ್ಬಿತು, ಸ್ಕ್ರೂ ಬಿಗಿ ಮಾಡಿದೆ, ಮುಗಿಯಿತು.

ಕಳೆದ ಸೋಮವಾರ ನಮ್ಮ ಓಣಿಯ ಭಜನೆಯಲ್ಲೂ ಅದೇ ಕಥೆ. ಢೋಲಕ್ ಮಳೆಗೆ ಸಪ್ಪಗಾಗಿತ್ತು. ಮುಂದೆ ಕೂತು ಹಾಡುವ ಕಾಕಾ ನನ್ನನ್ನು ಕರೆದು, "ಆ ನಿನ್ನ ಡಬ್ಬಿ ತಗೊಂಡ್ ಬಾರೋ" ಅಂದರು. ಬುಲೆರಿಯಾ ಗಿಲೆರಿಯಾ ಎಲ್ಲಾ ಬದಿಗಿಟ್ಟು ನೆಟ್ಟಗೆ ಕೆಹರವಾ ತಾಳ ಬಾರಿಸಿದೆ, ಮೂರು ಪದಕ್ಕೆ ಚೆನ್ನಾಗೇ ನಡೆಯಿತು. ಕಾಕಾ ಆಮೇಲೆ ಪೆಟ್ಟಿಗೆಯನ್ನು ಸುತ್ತಲೂ ತಿರುಗಿಸಿ, ತೂತಿನಲ್ಲಿ ಇಣುಕಿ, ಎಷ್ಟು ಕೊಟ್ಟೆ ಅಂತ ಕೇಳಿದರು. ಹೇಳಿದೆ.

"ಆರೂವರಿ ಸಾವಿರಾ? ಏ ಮಳ್ಳ, ನಮ್ಮ ಬಡಿಗ್ಯಾ ಸಾವಿರ ರೂಪಾಯ್ದಾಗ ಮಾಡಿ ಕೊಡ್ತಿದ್ದ!"

ಈ ಭಾನುವಾರ ಆ ಬಡಿಗೇರರ ಹತ್ತಿರ ಹೋಗುವವನಿದ್ದೇನೆ. ತಂತಿ ಇಲ್ಲದ್ದು ಮಾಡಿಸುವುದು, ಪೆರುವಿನ ಹಾಗೆ.