ಡಾರ್ಜಿಲಿಂಗಾ, ನೀಲಗಿರಿಯಾ: ಯಾವ ಚಹಾ ತರಿಸೋದು?

ದಾವಣಗೆರೆಯಿಂದ ನಮ್ಮ ಅತ್ತಿಗೆ ಕೇಳಿದ್ದಾರೆ: ಹಾಲಿಲ್ಲದೆ ಕುಡಿಯೋಕೆ ಒಳ್ಳೆಯ ಬೆಟ್ಟದ ಚಹಾ ಬೇಕು, ಯಾವುದು ತರಿಸಲಿ?

ಮೊದಲು ರುಚಿ ನೋಡೋಣ ಅತ್ತಿಗೆ. ಎತ್ತರದ ತಂಪಿನಲ್ಲಿ ಎಲೆ ನಿಧಾನವಾಗಿ ಬೆಳೆಯುತ್ತದೆ, ಪರಿಮಳ ಕೂಡುತ್ತದೆ. ಡಾರ್ಜಿಲಿಂಗ್‌ನ ಮಾರ್ಚ್–ಏಪ್ರಿಲ್ ಕೊಯ್ಲಿನ ಚಹಾ ತಿಳಿ ಬಣ್ಣದ್ದು. ಹೂವಿನ ವಾಸನೆ, ಸ್ವಲ್ಪ ಒಗರು. ಮೇ–ಜೂನ್ ಕೊಯ್ಲಿನದು ಬೇರೆಯೇ. ಪುಟ್ಟ ಜಿಗಿಹುಳು ಎಲೆಯ ರಸ ಹೀರುತ್ತದೆ. ಗಿಡ ಅದಕ್ಕೆ ಎದುರಾಗಿ ಪರಿಮಳದ ಅಂಶ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಲೋಟದಲ್ಲಿ ಮಾಗಿದ ದ್ರಾಕ್ಷಿಯ ಘಮ! ನನಗಂತೂ ಇದೇ ಪ್ರಾಣ. ನೀಲಗಿರಿ ಮೃದು, ಒಗರು ಕಡಿಮೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಕೊಯ್ದದ್ದು ಸಿಕ್ಕರೆ ಬಿಡಬೇಡಿ.

ಬೆಲೆ ಡಾರ್ಜಿಲಿಂಗ್‌ದೇ ಜಾಸ್ತಿ. ಆ ಚಹಾಕ್ಕೆ 2004ರಲ್ಲಿ ಜಿಐ ಟ್ಯಾಗ್, ಅಂದ್ರೆ ಅಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಅನ್ನುವ ಮಾನ್ಯತೆ ಸಿಕ್ಕಿದೆ, ಪ್ಯಾಕೆಟ್ ಮೇಲೆ ಚಹಾ ಎಲೆ ಹಿಡಿದ ಹೆಣ್ಣಿನ ಗುರುತು ನೋಡಿ ಕೊಳ್ಳಿ.

ಮಾಡುವಾಗ ಡಾರ್ಜಿಲಿಂಗ್‌ಗೆ ಹುಷಾರು ಬೇಕು. ನೀರು ಕುದ್ದ ಮೇಲೆ ಒಂದೆರಡು ನಿಮಿಷ ಆರಲಿ. ಆಮೇಲೆ ಎಲೆ ಹಾಕಿ, ಮೂರು ನಿಮಿಷಕ್ಕೆ ಸೋಸಿ. ಕುದಿಸಿದರೆ ಕಹಿ. ನೀಲಗಿರಿ ಒಂದು ನಿಮಿಷ ಹೆಚ್ಚಾದರೂ ಸಹಿಸುತ್ತದೆ. ಬೋರ್ ನೀರು ಗಡಸಾಗಿದ್ದರೆ ಎರಡರ ಘಮವೂ ಮಂಕಾಗುತ್ತದೆ, ಫಿಲ್ಟರ್ ನೀರು ಬಳಸಿ.

ಬೆಳಿಗ್ಗೆ ಒಬ್ಬರೇ ಕೂತು ಸವಿಯೋದಾದರೆ ಡಾರ್ಜಿಲಿಂಗ್, 50 ಗ್ರಾಂ ಸಾಕು. ಸಂಜೆ ಮಂಡಕ್ಕಿ ಮಿರ್ಚಿ ಜೊತೆ ಮನೆಮಂದಿಗೆಲ್ಲ ಆಗಬೇಕು, ಯಾರೋ ಹನಿ ಹಾಲೂ ಕೇಳ್ತಾರೆ ಅಂದ್ರೆ ನೀಲಗಿರಿ. ಬೇಸಿಗೆಗೆ ನಿಂಬೆ ಹಿಂಡಿ ತಣ್ಣಗೆ ಕುಡಿಯೋಕೂ ಅದೇ ಸರಿ, ಆರಿದರೂ ತಿಳಿಯಾಗೇ ಇರುತ್ತದೆ.